ಕಾದಿರಿಸಿದ ತಾಣ

ಅಮೆರಿಕೆಯಲ್ಲಿ ಮನೆಯಂತೆ ಸಜ್ಜುಗೊಳಿಸಿದ ವಾಹನವನ್ನೇರಿ ದೇಶದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಪ್ರವಾಸ ಹೊರಡುವವರು ಹಾದಿಯನ್ನೂ ತಂಗುದಾಣಗಳನ್ನೂ ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳುತ್ತಾರೆ. ಅದು ವಿವೇಕವೇ ಸರಿ. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಬೆಟ್ಟದ ರಸ್ತೆಯ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದವಾದ ವಾಹನಕ್ಕೆ ಪ್ರವೇಶವಿಲ್ಲ. ಇದನ್ನರಿಯದೆ ಹೋದವನು ಹಿಂದಿರುಗಬೇಕಾಗುತ್ತದೆ. ಅಲ್ಲಿನ ಕೇಂದ್ರ ಸರಕಾರದ ಶಿಬಿರತಾಣಗಳಲ್ಲಿ ಅನೇಕವನ್ನು 6 ತಿಂಗಳು ಮೊದಲೇ ಕಾದಿರಿಸಬಹುದು.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ನಾಳೆ ಮನಸ್ಸು ಎತ್ತ ತಿರುಗುವುದೋ ಎಂದು ಒಂದೇ ಇರುಳಿಗೆ ಎರಡು ಕಡೆ ಸ್ಥಳ ಹಿಡಿದಿಟ್ಟು, ಬೇಡವಾದುದನ್ನು ಬಿಟ್ಟುಕೊಡದೆ ಸುಮ್ಮನಿರುವವರುಂಟು. ಹೀಗೆ ಬಾರದೆ ಉಳಿದವರಿಗೆ ಬಹಳೆಡೆ 20 ಡಾಲರ್ ದಂಡವಿದೆ. ದಂಡ ತೆತ್ತ ಮಾತ್ರಕ್ಕೆ ಋಣ ತೀರಿತೇ? ಆ ಬರಿದಾದ ತಾಣ ದೊರೆಯದೆ ಮತ್ತೊಂದು ಕುಟುಂಬ ಕತ್ತಲಲ್ಲಿ ಇಂಬು ಹುಡುಕುತ್ತ ಮುಂದೆ ಸಾಗಿರಬಹುದು. ದಂಡದ ಹಣ ಬೊಕ್ಕಸಕ್ಕೆ ಸೇರಿತು. ಅವರ ಕಳೆದ ನಿದ್ದೆಯನ್ನು ತಂದುಕೊಡುವವರಾರು?

ಮುಂದಾಲೋಚನೆ ತಪ್ಪಲ್ಲ. ಆದರೆ ಅದು ತನ್ನ ಅನುಕೂಲವನ್ನಷ್ಟೇ ಎಣಿಸಿದರೆ ಲೋಭವಾಗುತ್ತದೆ. ಬೇಡವೆಂದು ತಿಳಿದ ಕೂಡಲೆ ಬಿಟ್ಟುಕೊಡುವುದನ್ನೂ ಪ್ರವಾಸದ ಸಿದ್ಧತೆಯಲ್ಲಿ ಸೇರಿಸಿಕೊಳ್ಳಬೇಕು. ಹಿಂದೆ ಬರುವ ದಾರಿಗನೂ ನಮ್ಮಂತೆಯೇ ದಣಿದಿರುತ್ತಾನೆ.