ಗೆರೆ ಎಳೆಯಲು ನೆಲವೆಲ್ಲಿ ಉಳಿದಿದೆ?

2025ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇಸ್ರೇಲ್, ಪ್ಯಾಲೆಸ್ತೀನ್ ಎರಡೂ ಅಕ್ಕಪಕ್ಕ ಇರಲಿ ಎನ್ನುವ ದ್ವಿರಾಷ್ಟ್ರ ಪರಿಹಾರದ ಪರ ನಿರ್ಣಯ ಮಾಡಿದಾಗ 142 ದೇಶಗಳು ಕೈ ಎತ್ತಿದವು. ಭಾರತವೂ ಎತ್ತಿತು. ಅದೇ ತಿಂಗಳು ಬ್ರಿಟನ್, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾಗಳು ಪ್ಯಾಲೆಸ್ತೀನಿಗೆ ಮಾನ್ಯತೆ ಕೊಟ್ಟವು. ಜಗತ್ತಿನ ಬಾಯಲ್ಲಿ ಈ ಮಾತು ಇಷ್ಟು ಗಟ್ಟಿಯಾಗಿ ಕೇಳಿಸಿದ್ದು ಅಪರೂಪ. ಆದರೆ ಅದು ನಿಲ್ಲಬೇಕಾದ ನೆಲ ಇಷ್ಟು ಕರಗಿದ್ದೂ ಹಿಂದೆಂದೂ ಇಲ್ಲ.

1993ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ ಓಸ್ಲೊ ಒಪ್ಪಂದಕ್ಕೆ ಸಹಿ ಬಿದ್ದಾಗ ಪಶ್ಚಿಮ ದಂಡೆಯಲ್ಲಿ ಲಕ್ಷಕ್ಕೆ ತುಸು ಹೆಚ್ಚು ಯಹೂದಿ ವಸತಿಗಾರರಿದ್ದರು. ಈಗ ಪೂರ್ವ ಜೆರುಸಲೆಮ್ ಬಿಟ್ಟೂ ಐದು ಲಕ್ಷ ದಾಟಿದ್ದಾರೆ. 1995ರಲ್ಲಿ ಆ ದಂಡೆಯನ್ನು ಎ, ಬಿ, ಸಿ ಎಂದು ಹಂಚಿದ್ದು ತಾತ್ಕಾಲಿಕವಾಗಿ. ಸುಮಾರು ಶೇ 60ರಷ್ಟಿರುವ 'ಸಿ' ಪ್ರದೇಶ ಇಂದಿಗೂ ಇಸ್ರೇಲಿನ ಪೂರ್ಣ ಹಿಡಿತದಲ್ಲಿದೆ. ಉಳಿದದ್ದು ಅದರ ನಡುವೆ ಚೂರುಚೂರು. 2025ರ ಆಗಸ್ಟಿನಲ್ಲಿ ಜೆರುಸಲೆಮಿನ ಪೂರ್ವಕ್ಕೆ, ಇ-1 ಎಂಬ ಜಾಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಒಪ್ಪಿಗೆ ಸಿಕ್ಕಿತು. ಪ್ಯಾಲೆಸ್ತೀನ್ ರಾಷ್ಟ್ರದ ಕಲ್ಪನೆಯನ್ನೇ ಇದು ಹೂಳುತ್ತದೆ ಎಂದು ಇಸ್ರೇಲಿನ ಹಣಕಾಸು ಸಚಿವ ಸ್ಮೊಟ್ರಿಚ್ ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಪ್ರಾಮಾಣಿಕತೆಯನ್ನಾದರೂ ಮೆಚ್ಚಬೇಕು.

ನೆಲದ ಲೆಕ್ಕವನ್ನು ಹೇಗೋ ಸರಿಮಾಡಬಹುದು, ಭೂಮಿ ವಿನಿಮಯದ ಮಾತೂ ಇದೆ. ನನ್ನನ್ನು ಕಾಡುವುದು ಇನ್ನೊಂದು. ಗೆರೆ ಎಳೆದರೆ ಭಯ ಆಚೆಗೆ ಹೋಗುತ್ತದೆಯೇ? 2005ರಲ್ಲಿ ಇಸ್ರೇಲ್ ಗಾಜಾದಿಂದ ತನ್ನ ಸುಮಾರು ಎಂಟು ಸಾವಿರ ವಸತಿಗಾರರನ್ನು ಎಬ್ಬಿಸಿ ಕರೆತಂದಿತು. ಬಿಟ್ಟುಕೊಟ್ಟದ್ದಕ್ಕೆ ನಮಗೆ ಸಿಕ್ಕಿದ್ದು 2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಒಂದೇ ದಿನ ಸುಮಾರು 1,200 ಹೆಣ ಎನ್ನುತ್ತಾರೆ ಇಸ್ರೇಲಿಗಳು. ಆಕಾಶ, ಕಡಲು, ಗಡಿಬಾಗಿಲು ನಿಮ್ಮ ಕೈಯಲ್ಲೇ ಇದ್ದಾಗ ಬಿಟ್ಟುಕೊಟ್ಟದ್ದೇನು ಎಂದು ಕೇಳುತ್ತಾರೆ ಗಾಜಾದವರು. ಆಮೇಲಿನ ಯುದ್ಧದಲ್ಲಿ ಸತ್ತ ಅವರ ಕಡೆಯವರು ಹತ್ತಾರು ಸಾವಿರ. ಇಬ್ಬರೂ ಒಂದೇ ಬೇಲಿಯ ಸೋಲನ್ನು ಎರಡು ಬದಿಯಿಂದ ಹೇಳುತ್ತಿದ್ದಾರೆ.

ದ್ವಿರಾಷ್ಟ್ರ ಸೂತ್ರ ಮದ್ದು ಹಚ್ಚುವುದು ಇಸ್ರೇಲ್ ಪಶ್ಚಿಮ ದಂಡೆ, ಗಾಜಾಗಳನ್ನು ಹಿಡಿದ 1967ರ ಗಾಯಕ್ಕೆ. ನೋವಿನ ಬೇರು ಇಸ್ರೇಲ್ ಹುಟ್ಟಿದ 1948ರಲ್ಲಿದೆ. ಆಗ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಗಾಜಾದ ಹೆಚ್ಚಿನ ಜನ ಆ ನಿರಾಶ್ರಿತರ ಮಕ್ಕಳು, ಮೊಮ್ಮಕ್ಕಳು. ಅವರ ಊರುಗಳಿದ್ದದ್ದು ಗೆರೆಯ ಆಚೆ, ಇಸ್ರೇಲಿನಲ್ಲಿ. ಯಹೂದಿಗಳು ಪೂರ್ವಜರ ಸಮಾಧಿ ಎಂದು ನಂಬುವ ಹೆಬ್ರಾನ್ ಇರುವುದು ಗೆರೆಯ ಈಚೆ, ಪಶ್ಚಿಮ ದಂಡೆಯಲ್ಲಿ. ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರಿಗೆ ದೇವರ ಮನೆ ಮಾತ್ರ ಪಾಲಾಗದೆ ಉಳಿಯುತ್ತದಲ್ಲ, ಹಾಗೆ.

ಪಾಲು ಮಾಡಿದರೆ ಇದು ಬಗೆಹರಿಯದು ಎಂದು 1947ರಲ್ಲೇ ಕೆಲವರು ಹೇಳಿದ್ದರು. ವಿಶ್ವಸಂಸ್ಥೆಯ ಹನ್ನೊಂದು ದೇಶಗಳ ಸಮಿತಿಯಲ್ಲಿ ಭಾರತ, ಇರಾನ್, ಯುಗೊಸ್ಲಾವಿಯ ಮಾತ್ರ ವಿಭಜನೆ ಬೇಡ, ಒಕ್ಕೂಟವಿರಲಿ ಎಂದವು. ಆ ಸಮಿತಿಯ ವರದಿ ಬರುವಾಗ ನಮ್ಮದೇ ವಿಭಜನೆಯಲ್ಲಿ ಪಂಜಾಬ್ ಹೊತ್ತಿ ಉರಿಯುತ್ತಿತ್ತು. ನವೆಂಬರ್ 29ರಂದು ಮಹಾಸಭೆಯಲ್ಲಿ ಪ್ಯಾಲೆಸ್ತೀನಿನ ವಿಭಜನೆ 33–13 ಮತಗಳಿಂದ ಗೆದ್ದಿತು. ಭಾರತ ಆ 13ರಲ್ಲಿತ್ತು. ಯಹೂದಿಗಳೊಳಗೂ ಚಿಂತಕರಾದ ಜುಡಾ ಮ್ಯಾಗ್ನೆಸ್, ಮಾರ್ಟಿನ್ ಬೂಬರ್ ಕೂಡಿ ಬಾಳುವ ಮಾತಾಡಿದ್ದರು. ಬಹಳ ಕಾಲದ ಮೇಲೆ ಪ್ಯಾಲೆಸ್ತೀನಿಯರ ಕಡೆಯಿಂದ ಎಡ್ವರ್ಡ್ ಸಯೀದ್ ಕೂಡ.

ಹಾಗಾದರೆ ಒಂದೇ ರಾಷ್ಟ್ರವೇ? ಅದರ ಬಗ್ಗೆ ನನ್ನ ಅನುಮಾನ ಇನ್ನೂ ದೊಡ್ಡದು. ಜೋರ್ಡಾನ್ ನದಿಯಿಂದ ಮೆಡಿಟರೇನಿಯನ್ ಕಡಲಿನವರೆಗೆ ಹೆಚ್ಚುಕಡಿಮೆ ಎಪ್ಪತ್ತು ಲಕ್ಷ ಯಹೂದಿಗಳು, ಅಷ್ಟೇ ಅರಬರು. ಇಷ್ಟು ರಕ್ತ ಹರಿದ ಮೇಲೆ ಸೈನ್ಯವನ್ನು ಯಾರು ಯಾರ ಕೈಗೆ ಕೊಡುತ್ತಾರೆ? ಇಷ್ಟಕ್ಕೂ ಒಂದು ಬಗೆಯ ಒಂದೇ ರಾಷ್ಟ್ರ ಪಶ್ಚಿಮ ದಂಡೆಯಲ್ಲಿ ಈಗಾಗಲೇ ಇದೆ. ಒಂದು ಗುಡ್ಡದ ವಸತಿಗಾರನಿಗೆ ಇಸ್ರೇಲಿನ ನಾಗರಿಕ ಕಾನೂನು, ಪಕ್ಕದ ಗುಡ್ಡದ ಪ್ಯಾಲೆಸ್ತೀನಿಯನಿಗೆ ಸೇನಾ ಕಾನೂನು.

ದ್ವಿರಾಷ್ಟ್ರದ ಮಾತನ್ನು ಕೈಬಿಟ್ಟರೆ ಕೈಗೆ ಬರುವುದು ಈ ವ್ಯವಸ್ಥೆಯೇ. ಆದ್ದರಿಂದ ಅನುಮಾನ ಇಟ್ಟುಕೊಂಡೇ ಆ ಮಾತನ್ನು ಹಿಡಿದಿರಬೇಕು. ಆದರೆ ಕೈ ಎತ್ತಿದ 142 ದೇಶಗಳನ್ನು, ನಮ್ಮದನ್ನೂ ಸೇರಿಸಿ, ಒಂದು ಪ್ರಶ್ನೆ ಕೇಳುತ್ತಲೇ ಇರಬೇಕು: ಇ-1ರಲ್ಲಿ ಮನೆಗಳು ಏಳದಂತೆ ತಡೆಯಲು ನೀವು ಏನು ಮಾಡುತ್ತಿದ್ದೀರಿ?