ಮೀನಿಗೇನು ಗೊತ್ತು?

ಕಾವೇರಿಯ ಮಹಶೀರ್ ಹಿಡಿಯೋಕೆ ನಮ್ಮ ಕಡೆ ಗಾಳಕ್ಕೆ ರಾಗಿಮುದ್ದೆ ಸಿಕ್ಕಿಸುತ್ತಿದ್ದರು. ಬೆಂಗಳೂರಿನ ನನ್ನ ಗೆಳೆಯನ ದಾರಿಯೇ ಬೇರೆ. ಅವನು ಫ್ಲೈ ಕಟ್ಟುತ್ತಾನೆ. ಅಂದರೆ ಗಾಳದ ಕೊಕ್ಕೆಗೆ ದಾರ, ಗರಿ, ಕೂದಲು ಸುತ್ತಿ, ನೀರಲ್ಲಿ ಹುಳದ ಹಾಗೆ ಕಾಣುವಂತೆ ಮಾಡುವ ಕಸುಬು. ಹಿಡಿದ ಮೀನನ್ನು ತಿನ್ನಲ್ಲ, ವಾಪಸ್ ನೀರಿಗೆ ಬಿಡುತ್ತಾನೆ. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ ಅನ್ನುವುದು ಅವನಿಗೆ ಗೊತ್ತು.

ನಾನು ಊರಿಗೆ ಹೊರಟಾಗ, "ನವಿಲುಗರಿ ಸಿಕ್ರೆ ತಾ ಮಗಾ, ಕಾಡುಕೋಳಿ ಕತ್ತಿನ ಗರಿ ಸಿಕ್ರಂತೂ ಹಬ್ಬ" ಅಂದ.

ಕಾಡುಕೋಳಿ ಬೇಡ ಅನ್ನೋದು ಸುಲಭವಿತ್ತು. ಅದನ್ನು ಕೊಲ್ಲುವುದು ಅಪರಾಧ. ಟಿ. ನರಸೀಪುರದ ಸಂಗಮದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರಿಗೆ ವಿಷಯ ಹೇಳಿದೆ. ನಕ್ಕರು. "ಮೀನ್‌ಗೇನ್ ಗೊತ್ತು ಮಗ, ಯಾವ್ ಗರಿ ಅಂತ? ಹಸ್ದಿದ್ರೆ ಕಚ್ತದೆ. ಮನೆ ಹುಂಜಂದೇ ತಕ್ಕೊಂಡೋಗು."

ಮಾತು ನಿಜ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿನಿಂದ ಎಡ್ವಿನ್ ರಿಸ್ಟ್ ಎಂಬ ಹುಡುಗ 299 ಹಕ್ಕಿಗಳ ಒಣಗಿಸಿಟ್ಟ ಚರ್ಮ ಕದ್ದ. ಫ್ಲೈ ಕಟ್ಟುವವರಿಗೆ ಅಪರೂಪದ ಗರಿ ಬೇಕಿತ್ತು. ಯಾವ ಮೀನೂ ಅದನ್ನು ಕೇಳಿರಲಿಲ್ಲ. ಆಸೆ ದಡದ ಮೇಲಿನದು, ನೀರೊಳಗಿನದಲ್ಲ.

ಇಷ್ಟೆಲ್ಲ ಗೊತ್ತಿದ್ದೂ ವಾಪಸ್ ಬರುವಾಗ ನಂಜನಗೂಡಿನ ಬೀದಿಯಲ್ಲಿ ಎರಡು ನವಿಲುಗರಿ ಕೊಂಡೆ. "ತಾನಾಗೇ ಉದುರಿದ್ದು ಸ್ವಾಮಿ" ಅಂದ ಮಾರುವವನು. ಹಾಗಿದ್ದರೆ ತೊಂದರೆ ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ನವಿಲು ತಾನಾಗಿ ಉದುರಿಸಿದ ಗರಿಗೆ ವಿನಾಯಿತಿ ಇದೆ. ಉದುರಿದ ಗರಿಯ ಬುಡ ಒಣಗಿ ಸ್ವಚ್ಛವಾಗಿರುತ್ತೆ. ಕಿತ್ತದ್ದಾದರೆ ಬುಡದಲ್ಲಿ ರಕ್ತದ ಗುರುತು ಉಳಿದಿರಬಹುದು. ಇದೂ ನನಗೆ ಗೊತ್ತಿತ್ತು. ಆದರೂ ನಾನು ಬುಡ ನೋಡಲಿಲ್ಲ. ನೋಡಿದರೆ ಕೊಳ್ಳೋದು ಕಷ್ಟವಾಗಬಹುದಿತ್ತಲ್ಲ.

ಗೆಳೆಯ ಖುಷಿಯಿಂದ ಗರಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಕೊಕ್ಕೆಗೆ ಸುತ್ತಿದ. ಬೆಳಕಿಗೆ ಹಿಡಿದರೆ ಹಸಿರು ಹೊಳಪು, ಥೇಟ್ ಜೀರುಂಡೆ. ಅವನಿಗೆ ಬೇಕಿದ್ದದ್ದು ಎಳೆ ಮಾತ್ರ. ಗರಿಯ ದಂಟು ಆಗಲೇ ಮುರಿದು ಕಸದ ಬುಟ್ಟಿ ಸೇರಿತ್ತು, ಅದರ ಜೊತೆ ಬುಡವೂ. ಅಂದರೆ ಇದ್ದ ಒಂದೇ ಸಾಕ್ಷಿ ಹೋಯಿತು. ಫ್ಲೈ ನೋಡಿ ಇನ್ನು ಯಾರೂ ಏನೂ ಹೇಳಲಾರರು.

ಕಾಫಿ ಪುಡಿಯಿಂದ ರೇಷ್ಮೆಯ ತನಕ ನಾವು ಕೊಳ್ಳುವುದರಲ್ಲಿ ಎಷ್ಟೋ ವಸ್ತು ಹೀಗೇ ಬುಡ ಕತ್ತರಿಸಿಕೊಂಡೇ ಕೈಗೆ ಬರುತ್ತವೆ. ಎಲ್ಲದರ ಬುಡ ಹುಡುಕುತ್ತಾ ಕೂತರೆ ಬದುಕೋಕಾಗಲ್ಲ, ಒಪ್ಪಿದೆ. ಆದರೆ ಬುಡ ಕೈಯಲ್ಲೇ ಇದ್ದಾಗ ತಿರುಗಿಸಿ ನೋಡದೇ ಇರೋದು ಬೇರೆ. ಅದನ್ನು ಅಜ್ಞಾನ ಅನ್ನೋಕಾಗಲ್ಲ. ಅದು ನಾನೇ ಮಾಡಿದ ಆಯ್ಕೆ.

ಹಿಡಿದ ಮೀನನ್ನು ಗೆಳೆಯ ವಾಪಸ್ ಬಿಡುತ್ತಾನೆ. ಗರಿ ಕಿತ್ತದ್ದೇ ಆಗಿದ್ದರೆ, ಆ ನವಿಲನ್ನು ಎಲ್ಲಿಗೆ ಬಿಡೋದು?

ಮುಂದಿನ ಸಲ ಹುಂಜದ ಗರಿಯೇ ತರುತ್ತೇನೆ. ಮೀನಿಗೇನೂ ಗೊತ್ತಾಗಲ್ಲ. ನನಗೆ ಗೊತ್ತಿರುತ್ತೆ.