ಋಷಿಮೂಲ, ನದಿಮೂಲ ಮತ್ತು ಅಕ್ಕನಾಗಮ್ಮ

‘ಋಷಿಮೂಲ, ನದಿಮೂಲ, ಸ್ತ್ರೀಮೂಲ ಕೇಳಬಾರದು.’ ಮಾತು ಬೇಡದ ಕಡೆಗೆ ತಿರುಗಿದಾಗ ಹಿರಿಯರು ಈ ಗಾದೆ ತೆಗೆಯುತ್ತಾರೆ. ಕಲ್ಯಾಣದ ಸೀಮೆಯಲ್ಲಾದರೆ ಇನ್ನೂ ನೇರ: ‘ಅದೆಲ್ಲಾ ಕೆದಕಬ್ಯಾಡ್ರಿ.’

ಮೊದಲ ಎರಡು ಮೂಲಗಳ ಬಗ್ಗೆ ನನಗೆ ತಕರಾರಿಲ್ಲ. ಮುಲ್ಲಾಮಾರಿ ನದಿ ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟಿ, ಹುಮನಾಬಾದ್ ಸೀಮೆ ದಾಟಿ, ಚಿಂಚೋಳಿಯ ಮೇಲೆ ಹಾದು ಕಾಗಿಣೆಯನ್ನು ಸೇರುತ್ತದೆ. ಅದು ಯಾವ ಕಲ್ಲಿನ ಸಂದಿಯಲ್ಲಿ ಒಸರಿತು ಎಂದು ದಂಡೆಯ ರೈತ ಕೇಳುವುದಿಲ್ಲ, ಈ ವರ್ಷ ನೀರು ಬಂತೇ ಎಂದು ಕೇಳುತ್ತಾನೆ. ವ್ಯಾಸರು ಬೆಸ್ತರ ಮನೆಯ ಸತ್ಯವತಿಯ ಮಗ. ಅದರಿಂದ ಮಹಾಭಾರತಕ್ಕೆ ಕುಂದೇನೂ ಬರಲಿಲ್ಲ. ಋಷಿಯ ಮೂಲ ಕೇಳಬೇಡ ಎಂದರೆ ಅವನ ಮಾತು ಕೇಳು ಎಂದರ್ಥ. ನದಿಯ ಮೂಲ ಕೇಳಬೇಡ ಎಂದರೆ ನೀರು ಕುಡಿ ಎಂದರ್ಥ. ಹೆಣ್ಣಿನ ಮೂಲ ಕೇಳಬೇಡ ಎಂದಮೇಲೆ ಅವಳದ್ದೇನನ್ನು ಕೇಳಬೇಕು? ಗಾದೆ ಅಲ್ಲಿಗೆ ಬಾಯಿ ಮುಚ್ಚುತ್ತದೆ.

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾದ ಹತ್ತಿರ ತಿರುಗಿದರೆ ಬಸವಕಲ್ಯಾಣ. ಊರಂಚಿನ ತ್ರಿಪುರಾಂತ ಕೆರೆಯ ಕಡೆ ಅಕ್ಕನಾಗಮ್ಮನ ಗವಿಯಿದೆ. ಬಸವಣ್ಣನ ಅಕ್ಕ, ಷಟ್‌ಸ್ಥಲ ಚಕ್ರವರ್ತಿ ಚೆನ್ನಬಸವಣ್ಣನ ತಾಯಿ. ಅವಳನ್ನು ನಾವು ಗುರುತಿಸುವುದೇ ಹೀಗೆ, ಒಬ್ಬರ ಅಕ್ಕ, ಇನ್ನೊಬ್ಬರ ತಾಯಿ.

ಅವಳ ತವರಿನ ಮೂಲ ಗುಟ್ಟಿನದಲ್ಲ. ತಂದೆ ಬಾಗೇವಾಡಿಯ ಮಾದರಸ, ತಾಯಿ ಇಂಗಳೇಶ್ವರದ ಮಗಳು ಮಾದಲಾಂಬಿಕೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಇದೇ ಮನೆತನದ ಸಾಲನ್ನು ಕಲ್ಲಿನಲ್ಲಿ ಕೊರೆದಿದೆ: ಮಾದಿರಾಜ (ಮಾದರಸ), ಸಂಗನ ಬಸವ (ಬಸವಣ್ಣ), ಅವನ ಅಣ್ಣ ದೇವರಾಜ, ಅಲ್ಲಿಂದ ಮುಂದಿನ ಪೀಳಿಗೆ. ಸಾಲು ಅಣ್ಣನಿಂದ ಕೆಳಗಿಳಿಯುತ್ತದೆ. ಅಕ್ಕನ ಸಾಲನ್ನು ಹೊತ್ತದ್ದು ಪುರಾಣಗಳು ಮತ್ತು ಜನರ ಬಾಯಿ. ತಮ್ಮ ಬಸವಣ್ಣ ಜನಿವಾರ ಬೇಡವೆಂದು ಮನೆಬಿಟ್ಟಾಗ ಅವಳೂ ಕೂಡಲಸಂಗಮದ ದಾರಿ ಹಿಡಿದಳು, ಮುಂದೆ ಕಲ್ಯಾಣದ ಮಹಾಮನೆಗೆ ಆಸರೆಯಾಗಿ ನಿಂತಳು ಎಂದು ಪರಂಪರೆ ಹೇಳುತ್ತದೆ.

ಕೆದಕಬ್ಯಾಡ್ರಿ ಎಂಬ ಮಾತು ಬರುವುದು ಮಗನ ಹುಟ್ಟಿನ ಪ್ರಶ್ನೆಗೆ. ಒಂದು ಪರಂಪರೆಯಲ್ಲಿ ನಾಗಮ್ಮನ ಗಂಡ ಶಿವದೇವ. ಇನ್ನೊಂದರಲ್ಲಿ ಚೆನ್ನಬಸವಣ್ಣ ಪ್ರಸಾದದಿಂದ ಹುಟ್ಟಿದವನು. ಅದರಲ್ಲೂ ಒಂದು ಎಳೆ ಆ ಪ್ರಸಾದವನ್ನು ಡೋಹರ ಕಕ್ಕಯ್ಯನ ಜೊತೆ ಸೇರಿಸುತ್ತದೆ. ಡೋಹರರು ಚರ್ಮ ಹದ ಮಾಡುವವರು. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ ಸಂಪುಟದಲ್ಲಿ ಈ ಎಳೆಯನ್ನು ಸಂಶೋಧಕನ ಕಣ್ಣಿನಿಂದ ನೋಡಿದಾಗ ಎದ್ದ ಗದ್ದಲ ಸಣ್ಣದಲ್ಲ. 1989ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪಿ.ವಿ. ನಾರಾಯಣರ 1995ರ ಕಾದಂಬರಿ ‘ಧರ್ಮಕಾರಣ’ವನ್ನು ಇದೇ ಪ್ರಸಂಗಕ್ಕೆ ಸರ್ಕಾರ ನಿಷೇಧಿಸಿತು, 2007ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಭಕ್ತರಿಗೆ ಆದ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಈ ಜಗಳದಲ್ಲಿ ಕೇಳು ಎಂದವರೂ ಕೇಳಬೇಡ ಎಂದವರೂ ಅವಳ ಗರ್ಭದ ಸುತ್ತಲೇ ನಿಂತಿದ್ದರು. ಅವಳ ಬದುಕಿನ ಕಡೆ ತಿರುಗಿದವರು ಕಡಿಮೆ.

ಬಸವಣ್ಣನೇ ಈ ಹೆದರಿಕೆಯನ್ನು ಬುಡಸಮೇತ ಕಿತ್ತುಹಾಕಿದ್ದ. ತನ್ನದೊಂದು ವಚನದಲ್ಲಿ ಅವನು ತನಗೆ ಬೇರೆಯೇ ಹುಟ್ಟು ಕಟ್ಟಿಕೊಳ್ಳುತ್ತಾನೆ: ಚೆನ್ನಯ್ಯನ ಮನೆಯ ದಾಸನ ಮಗ, ಕಕ್ಕಯ್ಯನ ಮನೆಯ ದಾಸಿಯ ಮಗಳು, ಇಬ್ಬರೂ ಸಗಣಿಗೆ ಹೋದಲ್ಲಿ ಕೂಡಿದರು, ಅವರ ಮಗ ತಾನು ಎಂದು. ಬ್ರಾಹ್ಮಣ ಅಗ್ರಹಾರದಲ್ಲಿ ಹುಟ್ಟಿದವನ ಮಾತಿದು. ಕಕ್ಕಯ್ಯನ ಹೆಸರನ್ನು ತಮ್ಮ ಹೀಗೆ ಹೆಮ್ಮೆಯಿಂದ ತಲೆಯ ಮೇಲೆ ಹೊತ್ತುಕೊಂಡಾಗ, ಅಕ್ಕನ ಹೆಸರಿನ ಪಕ್ಕ ಅದೇ ಹೆಸರು ಬಂದರೆ ನಾವು ಬೆಚ್ಚುವುದೇಕೆ?

ಹೆಣ್ಣಿನ ಮೂಲದ ಸುತ್ತಲೇ ಸುತ್ತುವುದು ನಮ್ಮೊಬ್ಬರ ಪಾಡಲ್ಲ. ಅಬ್ರಹಾಂ ಲಿಂಕನ್ನರ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಗಡಿನಾಡಿನ ಹೆಣ್ಣುಮಗಳು, 1818ರಲ್ಲಿ ಇಂಡಿಯಾನಾದ ಕಾಡಂಚಿನ ಗುಡಿಸಲಲ್ಲಿ ವಿಷಹಾಲಿನ ಕಾಯಿಲೆಯಿಂದ ತೀರಿಕೊಂಡಳು. ಮಗನಿಗೆ ಆಗ ಒಂಬತ್ತು ವರ್ಷ. ಅವಳ ತಂದೆ ಯಾರೆಂದು ನೂರಾರು ಪುಟ ಬರೆದರು. ಕೊನೆಗೆ 2015ರಲ್ಲಿ, ತಾಯಿಯಿಂದಲೇ ಇಳಿದುಬರುವ ಡಿಎನ್‌ಎ ಪರೀಕ್ಷೆ ಅವಳು ಲೂಸಿ ಹ್ಯಾಂಕ್ಸಳ ಮಗಳೆಂಬುದನ್ನು ಗಟ್ಟಿಮಾಡಿತು. ಹಿಡಿಯಲು ಸಿಕ್ಕಿದ್ದು ಹೆಣ್ಣಿನ ಎಳೆಯೇ.

ನಾಗಮ್ಮನ ಎಳೆಯೂ ಸಿಗುತ್ತದೆ, ಅವಳು ನಡೆದ ದಾರಿ ಹಿಡಿದರೆ. ಜಾತಿ ಮೀರಿ ಬೀಗರಾದ ಶರಣರು ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಮೇಲೆ, 1167ರ ಸುಮಾರಿಗೆ ಕಲ್ಯಾಣದ ಅರಸ ಬಿಜ್ಜಳನ ಕೊಲೆಯಾಯಿತು. ಕಲ್ಯಾಣ ಶರಣರಿಗೆ ನಿಲ್ಲುವ ನೆಲವಾಗಿ ಉಳಿಯಲಿಲ್ಲ. ಚೆನ್ನಬಸವಣ್ಣನ ಮುಂದಾಳುತನದಲ್ಲಿ ಹೊರಟ ದಂಡಿನಲ್ಲಿ ತಾಯಿಯೂ ಇದ್ದಳು. ಎಳೆ ಮಗುವಿನ ತಾಯಿಯಲ್ಲ ಆಗ; ಬೆಳೆದ ಮಗ, ಕಳೆದುಕೊಂಡ ತಮ್ಮ, ಬೆನ್ನಿಗೆ ಬಿದ್ದ ಸೈನ್ಯ. ಬಯಲುಸೀಮೆಯ ಕರಿಮಣ್ಣು ದಾಟಿ ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಕಾಳಗ. ಖಾನಾಪುರ ಸೀಮೆಯ ಕಕ್ಕೇರಿಯಲ್ಲಿ ಕಕ್ಕಯ್ಯ ಹೋರಾಡುತ್ತಲೇ ಬಿದ್ದ. ಊರಿಗೆ ಅವನದೇ ಹೆಸರು ಉಳಿಯಿತು. ಹುಟ್ಟಿನ ಜಗಳದಲ್ಲಿ ಅವಳ ಜೊತೆ ಹೆಸರು ಬೆರೆತವನು, ಅವಳೂ ಉಳಿದ ಶರಣರೂ ಮುಂದೆ ಸಾಗಲೆಂದು ಹಿಂದೆ ನಿಂತು ಕಾದಿದವನು ಎಂಬುದನ್ನು ಎಷ್ಟು ಮಂದಿ ನೆನೆಯುತ್ತೇವೆ?

ಆಮೇಲೆ ಜೊಯಿಡಾದ ದಟ್ಟ ಕಾಡು, ಉಳವಿ. ಅಲ್ಲಿಯೂ ಅಕ್ಕನಾಗಮ್ಮನ ಹೆಸರಿನ ಗವಿಯಿದೆ. ಮಗ ಉಳವಿಯಲ್ಲೇ ಐಕ್ಯನಾದ. ಅವಳ ಹೆಸರಿನಲ್ಲಿ ಉಳಿದ ಸುಮಾರು 15 ವಚನಗಳ ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ತಮ್ಮನನ್ನೂ ದೇವರನ್ನೂ ಒಟ್ಟಿಗೆ ಹಿಡಿದ ಅಂಕಿತ ಅದು. ತಾಯಿಯ ನಡಿಗೆ ಮಾತ್ರ ಉಳವಿಯಲ್ಲಿ ನಿಲ್ಲಲಿಲ್ಲ. ಅಲ್ಲಿಂದ ಅವಳು ತೆಂಕಣಕ್ಕೆ, ಮಲೆನಾಡಿನ ಅಂಚಿನ ತರೀಕೆರೆಯ ಕಡೆ ಬಂದಳು. ಅವಳ ಗದ್ದುಗೆ ಇರುವುದು ಅಲ್ಲಿಯೇ, ಎಣ್ಣೆಹೊಳೆಯ ದಂಡೆಯ ಮೇಲೆ.